ಮೂರನೆಯ ಗೆಳೆಯನ ಪಾಲಿನ ಹಾಡು

1945ರಲ್ಲಿ ಯುದ್ಧ ಮುಗಿಸಿ ನ್ಯೂಯಾರ್ಕಿಗೆ ಮರಳಿದ ಮೂವರು ಸಿಪಾಯಿಗಳು ತಮ್ಮ ಮಾಮೂಲಿ ಬಾರಿನಲ್ಲಿ ಕೂತು, ಹತ್ತು ವರ್ಷದ ಮೇಲೆ ಇದೇ ದಿನ ಇಲ್ಲೇ ಸೇರೋಣ ಎಂದು ಮಾತು ಕೊಟ್ಟುಕೊಳ್ಳುತ್ತಾರೆ. ಮಾತಿನಂತೆ ಸೇರುತ್ತಾರೆ ಕೂಡ. ಊಟದ ಮೇಜಿಗೆ ಬರುವಷ್ಟರಲ್ಲಿ ಒಬ್ಬರ ಮುಖ ಒಬ್ಬರಿಗೆ ಬೇಡವಾಗಿರುತ್ತದೆ.

ಎಂಜಿಎಂ 1955ರಲ್ಲಿ ತೆರೆಗೆ ತಂದ ‘ಇಟ್ಸ್ ಆಲ್ವೇಸ್ ಫೇರ್ ವೆದರ್’ ಚಿತ್ರದ ಕಥೆ ಇದು. ಮೂರು ವರ್ಷ ಮೊದಲು ‘ಸಿಂಗಿನ್ ಇನ್ ದಿ ರೇನ್’ ಕೊಟ್ಟ ಜೀನ್ ಕೆಲ್ಲಿ, ಸ್ಟ್ಯಾನ್ಲಿ ಡೋನೆನ್ ಜೋಡಿಯೇ ಇದರ ನಿರ್ದೇಶಕರು. ಬರೆದವರೂ ಅದೇ ಬೆಟ್ಟಿ ಕಾಮ್ಡೆನ್, ಅಡಾಲ್ಫ್ ಗ್ರೀನ್. ಆದರೂ ಆ ಚಿತ್ರದ ಹೆಸರು ಬಲ್ಲ ಎಷ್ಟೋ ಮಂದಿ ಇದನ್ನು ಕೇಳಿಲ್ಲ. ಬಿಡುಗಡೆಯಾದಾಗ ಹಾಕಿದ ದುಡ್ಡೂ ಹುಟ್ಟಲಿಲ್ಲ.

ಚಿತ್ರದ ಮೊದಲ ಭಾಗಕ್ಕೆ ಸಾಟಿಯಿಲ್ಲ. ಕುಡಿದ ಮೂವರೂ ಒಂದೊಂದು ಕಾಲಿಗೆ ಕಸದ ಡಬ್ಬದ ಮುಚ್ಚಳ ಸಿಕ್ಕಿಸಿಕೊಂಡು ಬೀದಿಯಲ್ಲಿ ಕುಣಿಯುತ್ತಾರೆ. ಹತ್ತು ವರ್ಷದ ಮೇಲಿನ ಊಟದ ದೃಶ್ಯ ಅದಕ್ಕಿಂತ ದೊಡ್ಡದು: ‘ಬ್ಲೂ ಡ್ಯಾನ್ಯೂಬ್’ ಧಾಟಿಗೆ ಪ್ರತಿಯೊಬ್ಬನೂ ಬಂದದ್ದೇ ತಪ್ಪಾಯಿತೆಂದು ಒಳಗೊಳಗೇ ಹಾಡಿಕೊಳ್ಳುತ್ತಾನೆ, ಬಾಯಿ ಮಾತ್ರ ತುತ್ತು ಅಗಿಯುತ್ತಿರುತ್ತದೆ. ಚಿತ್ರಕಾರನಾಗಬೇಕಿದ್ದವ ಈಗ ಜಾಹೀರಾತಿನ ಅಧಿಕಾರಿ. ದೊಡ್ಡ ಬಾಣಸಿಗನಾಗಬೇಕಿದ್ದವ ಹ್ಯಾಂಬರ್ಗರ್ ಅಂಗಡಿ ಇಟ್ಟುಕೊಂಡವ. ಗೆಳೆತನ ಬತ್ತಿಹೋದದ್ದನ್ನು ಇಷ್ಟು ನೇರವಾಗಿ ಹೇಳಿದ ಹಾಡು-ಕುಣಿತದ ಚಿತ್ರ ಆ ಕಾಲದ ಹಾಲಿವುಡ್‌ನಲ್ಲಿ ವಿರಳ.

ತಾನು ಮುಟ್ಟಿದ ದುಃಖಕ್ಕೆ ಚಿತ್ರ ತಾನೇ ಅಂಜಿತು. ಬಾಕ್ಸಿಂಗ್ ದಂಧೆಯ ರೌಡಿಗಳು, ಟಿವಿ ಕಾರ್ಯಕ್ರಮದ ಗದ್ದಲ, ಕೊನೆಗೊಂದು ಹೊಡೆದಾಟ! ಮೂವರೂ ಒಟ್ಟಿಗೆ ಗುದ್ದಾಡಿದರೆ ಮುರಿದ ಮನಸ್ಸು ಕೂಡಿಬಿಡುತ್ತದೆಂದು ನಂಬಿಸುವುದು ಸುಲಭದ ದಾರಿ. ಕುಣಿತದಿಂದ ಆರಂಭವಾದ ಗೆಳೆತನ ಕುಣಿತದಲ್ಲೇ ಮತ್ತೆ ಕೂಡಬೇಕಿತ್ತು. ನಾಯಕಿ ಸಿಡ್ ಚಾರಿಸ್ ಬಾಕ್ಸಿಂಗ್ ಜಿಮ್ಮಿನಲ್ಲಿ ಮಲ್ಲರ ನಡುವೆ ಕುಣಿಯುತ್ತಾಳೆ, ಕೆಲ್ಲಿ ಕಾಲಿಗೆ ರೋಲರ್ ಸ್ಕೇಟ್ ಕಟ್ಟಿ ಬೀದಿಯಲ್ಲಿ ಕುಣಿಯುತ್ತಾನೆ. ಅವರಿಬ್ಬರೂ ಜೊತೆಯಾಗಿ ಕುಣಿಯುವ ಒಂದೇ ಒಂದು ಹಾಡೂ ಚಿತ್ರದಲ್ಲಿಲ್ಲ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಮೂರನೆಯ ಗೆಳೆಯನಾಗಿ ನಟಿಸಿದ ಮೈಕೇಲ್ ಕಿಡ್‌ಗೆ ಆದದ್ದು. ‘ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್’ ಚಿತ್ರದ ಕುಣಿತಗಳನ್ನು ಕಟ್ಟಿದವನು ಅವನು. ಉಳಿದಿಬ್ಬರು ಗೆಳೆಯರಾದ ಕೆಲ್ಲಿಗೂ ಡ್ಯಾನ್ ಡೇಯ್ಲಿಗೂ ತಮ್ಮದೇ ಹಾಡುಗಳಿವೆ. ಕಿಡ್ ಮಕ್ಕಳೊಡನೆ ಕುಣಿದ ‘ಜ್ಯಾಕ್ ಅಂಡ್ ದಿ ಸ್ಪೇಸ್ ಜೈಂಟ್ಸ್’ ಚಿತ್ರೀಕರಣವಾದ ಮೇಲೂ ಕತ್ತರಿಗೆ ಬಿತ್ತು. ಮೂವರ ಕಥೆ ಅಲ್ಲಿ ಒಂದು ಕಾಲು ಕಳೆದುಕೊಂಡಿತು. ಕೆಲ್ಲಿ ಮತ್ತು ಡೋನೆನ್ ನಡುವಿನ ಸ್ನೇಹವೂ ಆ ಹೊತ್ತಿಗೆ ಹಳಸಿತ್ತು. ಇಬ್ಬರೂ ಸೇರಿ ಇನ್ನೊಂದು ಚಿತ್ರ ನಿರ್ದೇಶಿಸಲಿಲ್ಲ.

ಆಸಕ್ತರು ಹುಡುಕಿ ನೋಡಬೇಕಾದ ಚಿತ್ರವಿದು. ಆದರೆ ಹಳೆಯ ಟಿವಿ ಚೌಕಟ್ಟಿಗೆ ಕತ್ತರಿಸಿದ ಪ್ರತಿ ಬೇಡ. ಸಿನಿಮಾಸ್ಕೋಪ್ ಪರದೆಯನ್ನು ಮೂರು ಭಾಗ ಮಾಡಿ, ಮೂರು ಕಡೆ ಇರುವ ಗೆಳೆಯರನ್ನು ಒಂದೇ ಹೆಜ್ಜೆಗೆ ಕುಣಿಸಿದ ದೃಶ್ಯವೊಂದಿದೆ. ಅಗಲ ಪರದೆಯ ಪ್ರತಿಯಲ್ಲೇ ಅದನ್ನು ನೋಡಿ. ಇಲ್ಲವಾದರೆ ಮೂವರೂ ಕಣ್ಣಿಗೆ ಸಿಗುವುದಿಲ್ಲ.