ಖರೀದಿಪತ್ರದೊಳಗಿನ ಗೋಡೆ

ಊರ ಸುತ್ತಲಿನ ಕೋಟೆಗೋಡೆಯು ಕಣ್ಣಿಗೆ ಕಾಣುವಂಥದು. ಅದು ಯಾರನ್ನು ತಡೆಯುವದೆಂಬದನ್ನು ದಾರಿಹೋಕನೂ ಬಲ್ಲನು. ಆದರೆ ಮನೆಯ ಖರೀದಿಪತ್ರದಲ್ಲಿ ಒಂದು ಕಲಮಿನ ರೂಪದಿಂದ ಕಟ್ಟಿದ ಗೋಡೆಯು ನೋಂದಣಿ ಕಚೇರಿಯ ದಫ್ತರದಲ್ಲಿ ಅಡಗಿ ಕುಳಿತಿರುವದು. ಬೆವರು ಸುರಿಸಿ ಗಳಿಸಿದ ಹಣವನ್ನು ಹಿಡಿದುಕೊಂಡು ಮನೆ ಕೊಳ್ಳಲು ಬಂದ ಗೃಹಸ್ಥನ ಹಣೆಗೆ ಅದು ತಾಗಿದಾಗಲೇ ಅದರ ಇರವು ತಿಳಿಯುವದು. “ಈ ವಸತಿಯೊಳಗಿನ ಮನೆಯನ್ನು ಇಂಥ ಜನಕ್ಕೆ ಮಾರತಕ್ಕದ್ದಲ್ಲ, ಬಾಡಿಗೆಗೆ ಕೊಡತಕ್ಕದ್ದಲ್ಲ” ಎಂದು ಬರೆದುಕೊಳ್ಳುವ ನಿರ್ಬಂಧಕ ಕರಾರುಗಳ ವಿಷಯದಲ್ಲಿ ನ್ಯಾಯಾಸನದ ಕರ್ತವ್ಯವೇನು, ಶಾಸನಸಭೆಯ ಕರ್ತವ್ಯವೇನು, ನಮ್ಮ ನಿಮ್ಮಂಥ ನಾಗರಿಕರ ಕರ್ತವ್ಯವೇನು ಎಂಬದನ್ನು ಈ ವಾರ ವಾಚಕರ ಮುಂದಿಡಲು ಬಯಸುತ್ತೇವೆ.

ಮೊದಲು ಒಂದು ಮಾತು. ನಿರ್ಬಂಧಕ ಕರಾರುಗಳೆಲ್ಲವೂ ಕೆಟ್ಟವೆಂದು ನಾವು ಹೇಳುವದಿಲ್ಲ. ಈ ಬಗೆಯ ಕರಾರಿಗೆ ಕಾಯದೆಯಲ್ಲಿ ಬಲ ತಂದುಕೊಟ್ಟ ಮೊಕದ್ದಮೆಯು ಒಂದು ತೋಟಕ್ಕೆ ಸಂಬಂಧಿಸಿದುದು. ಲಂಡನ್ ನಗರದ ಲೆಸ್ಟರ್ ಚೌಕದ ನಡುವಿನ ತೋಟವನ್ನು ಟಲ್ಕ್ ಎಂಬವನು 1808ರಲ್ಲಿ ಮಾರಿದನು. ತೋಟವನ್ನು ತೋಟವಾಗಿಯೇ ಕಾಪಾಡತಕ್ಕದ್ದು, ಅದರಲ್ಲಿ ಕಟ್ಟಡ ಕಟ್ಟತಕ್ಕದ್ದಲ್ಲ ಎಂದು ಕೊಂಡವನಿಂದ ಬರೆಯಿಸಿಕೊಂಡನು. ಕೈಯಿಂದ ಕೈಗೆ ದಾಟಿ ಆ ತೋಟವು ಮಾಕ್ಸೆ ಎಂಬವನ ಸ್ವಾಧೀನಕ್ಕೆ ಬಂದಿತು. ಹಿಂದಿನವನು ಬರೆದುಕೊಟ್ಟ ಮಾತು ತನ್ನನ್ನು ಕಟ್ಟಲಾರದೆಂದು ಅವನು ಹಟ ಹಿಡಿದನು. 1848ರಲ್ಲಿ ಲಾರ್ಡ್ ಕಾಟನ್‌ಹ್ಯಾಮ್‌ರು, ಕರಾರು ಇದ್ದುದನ್ನು ತಿಳಿದೇ ಭೂಮಿ ಕೊಂಡವನು ಅದನ್ನು ಮೀರಲಾಗದೆಂದು ತೀರ್ಪಿತ್ತರು. ನಮ್ಮ ದೇಶದ 1882ರ ಸ್ವತ್ತು ವರ್ಗಾವಣೆ ಕಾಯದೆಯ 40ನೆಯ ಕಲಮಿನಲ್ಲಿಯೂ ಇದೇ ತತ್ತ್ವವಿದೆ. ಮನೆಗಳ ಸಾಲಿನಲ್ಲಿ ಕಾರಖಾನೆ ಬೇಡ, ಗಡಿಯಿಂದ ಇಷ್ಟು ಅಡಿ ಜಾಗ ಬಿಟ್ಟು ಕಟ್ಟಬೇಕು, ಹಾದಿಗೆ ಅಡ್ಡ ಬರಬಾರದು ಎಂಬ ಕರಾರುಗಳಿಂದ ನೆರೆಹೊರೆಯವರೆಲ್ಲರಿಗೂ ಗಾಳಿ ಬೆಳಕು ದೊರೆಯುವವು. ಇವು ನೆಲದ ಬಳಕೆಗೆ ಹಾಕಿದ ಮಿತಿಗಳು. ನಮ್ಮ ತಕರಾರು ಇರುವದು ಮನುಷ್ಯನ ಹುಟ್ಟಿಗೆ ಹಾಕಿದ ಮಿತಿಯ ವಿಷಯದಲ್ಲಿ. ತೋಟವನ್ನುಳಿಸಲು ಹುಟ್ಟಿದ ಉಪಾಯವು ನೆರೆಯವನನ್ನು ಹೊರಗಿಡುವ ಉಪಾಯವಾದ ಬಗೆಯನ್ನು ಅಮೇರಿಕೆಯ ಚರಿತ್ರೆಯು ಚೆನ್ನಾಗಿ ತೋರಿಸಿಕೊಡುತ್ತದೆ.

ಅಲ್ಲಿಯ ಲೂಯಿವಿಲ್ ಪಟ್ಟಣದ ನಗರಸಭೆಯು ಕರಿಯರು ಯಾವ ಓಣಿಯಲ್ಲಿ ಇರಬೇಕು, ಬಿಳಿಯರು ಯಾವ ಓಣಿಯಲ್ಲಿ ಇರಬೇಕು ಎಂದು ಕಟ್ಟಳೆ ಮಾಡಿತ್ತು. 1917ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಆಗ ಬಿಳಿಯ ಮಾಲಕರು ನಗರಸಭೆಯ ಬಾಗಿಲನ್ನು ಬಿಟ್ಟು ವಕೀಲರ ಕಚೇರಿಯ ಬಾಗಿಲನ್ನು ಹಿಡಿದರು. ಕಾಯದೆಯಿಂದ ಆಗದ್ದನ್ನು ತಮ್ಮತಮ್ಮೊಳಗಿನ ಕರಾರುಗಳಿಂದ ಸಾಧಿಸತೊಡಗಿದರು. ಖಾಸಗಿ ಜನರ ಒಪ್ಪಂದವು ರಾಜ್ಯಘಟನೆಗೆ ವಿರುದ್ಧವಾಗಲಾರದೆಂದು 1926ರಲ್ಲಿ ಅದೇ ನ್ಯಾಯಾಲಯವು ಹೇಳಿದ ಮೇಲಂತೂ ಈ ಪದ್ಧತಿಗೆ ಅಂಕೆಯೇ ಇಲ್ಲದಾಯಿತು. 1934ರಲ್ಲಿ ಹುಟ್ಟಿದ ಕೇಂದ್ರ ಗೃಹನಿರ್ಮಾಣ ಆಡಳಿತವು ಮನೆಸಾಲಗಳಿಗೆ ವಿಮೆ ಕೊಡುವಾಗ ಇಂಥ ಕರಾರುಗಳಿರುವದು ಒಳ್ಳೆಯದೆಂದು ತನ್ನ ಕೈಪಿಡಿಯಲ್ಲಿಯೇ ಶಿಫಾರಸು ಮಾಡಿತು. ಖಾಸಗಿಯದೆಂದು ಹೇಳಿಕೊಳ್ಳುತ್ತಿದ್ದ ಗೋಡೆಗೆ ಸರಕಾರವೇ ಗಾರೆ ಬಳಿದ ಹಾಗಾಯಿತು.

ಸೇಂಟ್ ಲೂಯಿಸ್ ನಗರದ ಲಬಾಡಿ ರಸ್ತೆಯ ಸಂಗತಿಯನ್ನು ವಾಚಕರು ಗಮನಿಸಬೇಕು. 1911ರಲ್ಲಿ ಆ ರಸ್ತೆಯ 39 ಮಾಲಕರಲ್ಲಿ 30 ಜನರು ಒಂದು ಕರಾರಿಗೆ ರುಜು ಹಾಕಿದರು. ನೀಗ್ರೋ ಇಲ್ಲವೆ ಮಂಗೋಲ ಕುಲದವರು 50 ವರುಷಗಳವರೆಗೆ ಅಲ್ಲಿ ವಾಸಿಸತಕ್ಕದ್ದಲ್ಲವೆಂಬದೇ ಅದರ ತಿರುಳು. ಚೋದ್ಯವೇನೆಂದರೆ, ಆ ಸಾಲಿನ ಒಂದು ಮನೆಯಲ್ಲಿ 1882ರಿಂದಲೂ ಕರಿಯರ ಕುಟುಂಬಗಳೇ ಇದ್ದವು! 1945ರಲ್ಲಿ ಶೆಲ್ಲಿ ಎಂಬ ಕರಿಯ ಗೃಹಸ್ಥನು ಅಲ್ಲಿ ಒಂದು ಮನೆಯನ್ನು ಕೊಂಡನು. ಹೆಂಡತಿ ಮತ್ತು ಆರು ಮಕ್ಕಳ ಸಂಸಾರ. ಮಾರಿದವನು ಮನಸಾರೆ ಮಾರಿದ್ದನು, ಕೊಂಡವನು ಪೂರ್ಣ ಬೆಲೆ ಕೊಟ್ಟು ಕೊಂಡಿದ್ದನು. ಕರಾರಿನ ಸುದ್ದಿಯೇ ಅವನಿಗೆ ತಿಳಿದಿರಲಿಲ್ಲ. ಆದರೂ ಅದೇ ರಸ್ತೆಯ ಕ್ರೇಮರ್ ಎಂಬವರು ದಾವೆ ಹೂಡಿ, ಶೆಲ್ಲಿಯನ್ನು ಮನೆಯಿಂದ ಹೊರಡಿಸಬೇಕು, ಮನೆಯ ಒಡೆತನವನ್ನೇ ಅವನಿಂದ ಕಿತ್ತುಕೊಳ್ಳಬೇಕು ಎಂದು ಬೇಡಿದರು. ಮಿಸೌರಿ ಸಂಸ್ಥಾನದ ಉಚ್ಚ ನ್ಯಾಯಾಲಯವು 1946ರಲ್ಲಿ ಹಾಗೆಯೇ ಆಗಲೆಂದು ಆಜ್ಞಾಪಿಸಿತು.

ಮೇಲಿನ ನ್ಯಾಯಾಲಯವು 1948ರ ಮೇ 3ರಂದು ಈ ಆಜ್ಞೆಯನ್ನು ತಿರುಗಿಸಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಮೂವರು ವಿಚಾರಣೆಯಲ್ಲಿ ಪಾಲ್ಗೊಳ್ಳಲಿಲ್ಲ, ಉಳಿದ ಆರು ಜನರೂ ಏಕಮತದವರಾದರು. ಮುಖ್ಯ ನ್ಯಾಯಮೂರ್ತಿ ವಿನ್ಸನ್‌ರ ತೀರ್ಪಿನ ವಿಚಾರಸರಣಿಯು ನಮ್ಮ ಮನಸ್ಸಿಗೆ ಬಹಳವಾಗಿ ಹಿಡಿಸಿದೆ. ಜನರು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡು ಅದರಂತೆ ತಾವೇ ನಡೆದರೆ ಘಟನೆಯ ಕಲಮು ಅಡ್ಡ ಬರುವದಿಲ್ಲ. ಆದರೆ ಆ ಒಪ್ಪಂದವನ್ನು ಮೀರಿದವನ ಮೇಲೆ ಕೋರ್ಟಿನ ಹುಕುಮು ಹೊರಟಿತೆಂದರೆ, ಆ ಹುಕುಮು ಸಂಸ್ಥಾನದ ಕೃತ್ಯವೇ ಆಗುವದು. ಎಲ್ಲರಿಗೂ ಸಮಾನ ರಕ್ಷಣೆ ಕೊಡುವೆನೆಂದು ಮಾತು ಕೊಟ್ಟ ಸಂಸ್ಥಾನವು ತನ್ನ ನ್ಯಾಯಾಸನದ ಕೈಯಿಂದ ಆ ಮಾತನ್ನು ಮುರಿಯಬಾರದು. ಸಾರಾಂಶವಿಷ್ಟೆ: ಕರಾರು ಬರೆಯುವ ಲೇಖಣಿಯು ಖಾಸಗಿಯದಿರಬಹುದು, ಬಾಗಿಲಿಗೆ ಬಂದು ಸಾಮಾನು ಹೊರಹಾಕುವ ಬೇಲೀಫನು ಮಾತ್ರ ಸರಕಾರದ ಆಳು.

ಈ ತೀರ್ಪಿನಿಂದ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಕರಾರುಗಳು ದಫ್ತರಗಳಲ್ಲಿ ಹಾಗೆಯೇ ಉಳಿದವು. ಕರಾರು ಮುರಿದು ಮಾರಿದವನಿಂದ ನಷ್ಟಪರಿಹಾರ ವಸೂಲು ಮಾಡುವ ದಾರಿಯನ್ನು ಮುಚ್ಚಲು 1953ರ ಇನ್ನೊಂದು ತೀರ್ಪು ಬೇಕಾಯಿತು. ಮನೆ ಮಾರುವಲ್ಲಿಯೂ ಬಾಡಿಗೆಗೆ ಕೊಡುವಲ್ಲಿಯೂ ವರ್ಣಭೇದ ಮಾಡುವದನ್ನು ನಿಷೇಧಿಸುವ ಕೇಂದ್ರ ಶಾಸನವು ಬಂದುದು 1968ರಲ್ಲಿ. ನ್ಯಾಯಾಧೀಶರು ಆರಂಭಿಸಿದ ಕೆಲಸವನ್ನು ಶಾಸನಸಭೆಯು ಮುಂದುವರಿಸದೆ ಗತಿಯಿರಲಿಲ್ಲ.

ಪರದೇಶದ ಈ ಕಥೆಯು ನಮಗೇಕೆಂದು ಕೆಲವರು ಕೇಳಬಹುದು. ನಮ್ಮ ದೇಶದಲ್ಲಿಯೇ 2005ರಲ್ಲಿ ಇತ್ಯರ್ಥವಾದ ಒಂದು ಮೊಕದ್ದಮೆಯು ಅದಕ್ಕೆ ಉತ್ತರವಾಗಿದೆ. 1925ರ ಮುಂಬಯಿ ಸಹಕಾರಿ ಸಂಘಗಳ ಕಾಯದೆಯ ಮೇರೆಗೆ 1926ರಲ್ಲಿ ಗುಜರಾಥದಲ್ಲಿ ಪಾರಸೀ ಜನರ ಒಂದು ಗೃಹನಿರ್ಮಾಣ ಸಂಘವು ನೋಂದಣಿಯಾಗಿತ್ತು. ಪಾರಸಿಗಳಲ್ಲದವರಿಗೆ ಅದರಲ್ಲಿ ಸದಸ್ಯತ್ವವಿಲ್ಲವೆಂದು ಉಪನಿಯಮವಿತ್ತು. ಈ ನಿರ್ಬಂಧವು ನಿಲ್ಲಲಾರದೆಂದು ಗುಜರಾಥದ ಉಚ್ಚ ನ್ಯಾಯಾಲಯವು ಹೇಳಿತು. ಭಾರತದ ಸರ್ವೋಚ್ಚ ನ್ಯಾಯಾಲಯವು ಅದನ್ನೊಪ್ಪದೆ ಉಪನಿಯಮವನ್ನು ಎತ್ತಿಹಿಡಿಯಿತು. ಉಪನಿಯಮಗಳು ಸದಸ್ಯರೊಳಗಿನ ಒಪ್ಪಂದ. ಒಂದೇ ಧರ್ಮದವರು, ಒಂದೇ ಪ್ರಾಂತದವರು ಸಂಘ ಕಟ್ಟಿಕೊಳ್ಳಬಾರದೆಂಬ ನೀತಿಯನ್ನು ಶಾಸನಸಭೆಯು ಸಹಕಾರಿ ಕಾಯದೆಯಲ್ಲಿ ತಿದ್ದುಪಡಿ ಮಾಡಿ ಸೇರಿಸುವವರೆಗೆ ನ್ಯಾಯಾಲಯವು ತಾನಾಗಿ ಅದನ್ನು ಹೇರಲಾರದು ಎಂಬದು ತೀರ್ಪಿನ ತಾತ್ಪರ್ಯ. ನ್ಯಾಯಾಸನವು ಚೆಂಡನ್ನು ಶಾಸನಸಭೆಯ ಅಂಗಳಕ್ಕೆ ಹಾಕಿದೆ. ಅಮೇರಿಕೆಯಲ್ಲಿ ನ್ಯಾಯಾಲಯವು ಯಾವ ಕೈಯನ್ನು ಹಿಂದೆಗೆದುಕೊಂಡಿತೋ ನಮ್ಮಲ್ಲಿ ಅದೇ ಕೈ ಉಪನಿಯಮದ ಬೆನ್ನಿಗೆ ನಿಂತಿದೆ.

ಎದುರು ಪಕ್ಷದ ಮಾತನ್ನು ನಾವು ತಾತ್ಸಾರ ಮಾಡುವದಿಲ್ಲ. ಸಣ್ಣ ಸಮಾಜವೊಂದು ತನ್ನ ಆಚಾರವಿಚಾರಗಳನ್ನು ಕಾಯ್ದುಕೊಳ್ಳಲು ಒಟ್ಟಾಗಿ ಬಾಳಬಯಸುವದು ಸ್ವಾಭಾವಿಕ. ನಮ್ಮ ಕನ್ನಡ ಕರಾವಳಿಯಿಂದ ಮುಂಬಯಿಗೆ ಹೋದ ಸಾರಸ್ವತರು ತಳಮಳಕಿ ಅವರ ಮುಂದಾಳುತನದಲ್ಲಿ 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹಸಂಘವನ್ನು ಕಟ್ಟಿದರು. ಈ ದೇಶದ ಗೃಹಸಹಕಾರಕ್ಕೆ ಅದು ಒಂದು ಮೇಲ್ಪಂಕ್ತಿ. ಪರಸ್ಥಳದಲ್ಲಿ ತಲೆಯ ಮೇಲೊಂದು ಸೂರು ದೊರಕಿಸಿಕೊಳ್ಳಲು ನಮ್ಮವರು ಪಟ್ಟ ಶ್ರಮವನ್ನು ನಾವು ಗೌರವಿಸುತ್ತೇವೆ. ಆದರೆ ಕೂಡಿ ಬಾಳುವ ಸ್ವಾತಂತ್ರ್ಯವು ಬೇರೆ, ಇತರರು ಎಂದೆಂದಿಗೂ ಒಳಗೆ ಕಾಲಿಡಬಾರದೆಂದು ಕಾಯದೆಯ ಬಲದಿಂದ ನಿರ್ಬಂಧಿಸುವ ಅಧಿಕಾರವು ಬೇರೆ. ಮೊದಲನೆಯದಕ್ಕೆ ಪ್ರೀತಿ ಸಾಕು. ಎರಡನೆಯದಕ್ಕೆ ಸರಕಾರದ ದಂಡ ಬೇಕು. ಒಂದು ಸಮಾಜವು ಹಾಗೆ ಮಾಡಿದರೆ ಹತ್ತು ಮನೆಗಳ ಮಾತಾದೀತು. ಊರಿನ ಎಲ್ಲ ಸಮಾಜಗಳೂ ತಮ್ಮತಮ್ಮ ಬಡಾವಣೆಗೆ ಹಾಗೆಯೇ ಬೇಲಿ ಹಾಕಿಕೊಂಡರೆ ಯಾವ ಬೇಲಿಯೊಳಗೂ ಸೇರದ ಬಡವನು ಎಲ್ಲಿ ಮನೆ ಕಟ್ಟಬೇಕು?

ಕಾಯದೆಯು ಈ ವಿಷಯದಲ್ಲಿ ಪೂರಾ ಮೂಕವಾಗಿಲ್ಲವೆಂಬದನ್ನು ವಾಚಕರು ತಿಳಿದಿರಬೇಕು. ಖರೀದಿದಾರನು ಮುಂದೆ ಎಂದಿಗೂ ಮಾರಬಾರದೆಂಬ ಸಂಪೂರ್ಣ ನಿರ್ಬಂಧವು ಸ್ವತ್ತು ವರ್ಗಾವಣೆ ಕಾಯದೆಯ 10ನೆಯ ಕಲಮಿನಂತೆ ನಿರರ್ಥಕ. ಅಸ್ಪೃಶ್ಯತೆಯ ಕಾರಣದಿಂದ ಯಾರಿಗೇ ಆಗಲಿ ಯಾವದೇ ವಸತಿಯಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸಿಸಲು ಅಡ್ಡಿ ಮಾಡುವದನ್ನು 1955ರ ಕಾಯದೆಯ 4ನೆಯ ಕಲಮು ಅಪರಾಧವೆಂದು ಸಾರಿದೆ. ಆದರೆ ರಾಜ್ಯಘಟನೆಯ 15ನೆಯ ಕಲಮು ಅಂಗಡಿ, ಉಪಾಹಾರಗೃಹ, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸಿ ಹೇಳುವಾಗ ಮನೆಯನ್ನು ಹೆಸರಿಸಿಲ್ಲ. ಕೆರೆಯ ನೀರು ಎಲ್ಲರದಾಯಿತು, ಕೆರೆಯ ದಂಡೆಯ ಮೇಲಿನ ಮನೆಯ ಮಾತು ಅರ್ಧದಲ್ಲಿಯೇ ನಿಂತಿತು.

ಇನ್ನು, ಬರೆದ ಕರಾರಿಗಿಂತ ಬರೆಯದ ಕರಾರು ಗಟ್ಟಿಯಾದುದು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಡಾ. ಅಂಬೇಡಕರರು 1917ರಲ್ಲಿ ಬಡೋದೆಯ ಸಂಸ್ಥಾನದ ಸೇವೆಗೆ ಹೋದಾಗ ಇಡಿಯ ಪಟ್ಟಣದಲ್ಲಿ ಅವರಿಗೆ ಇರಲೊಂದು ಮನೆ ದೊರೆಯಲಿಲ್ಲ. ನೌಕರಿಯನ್ನೇ ಬಿಟ್ಟು ಮುಂಬಯಿಗೆ ಮರಳಬೇಕಾಯಿತು. ಯಾವ ಖರೀದಿಪತ್ರದ ಕಲಮೂ ಅಲ್ಲಿ ಬೇಕಾಗಲಿಲ್ಲ. ನಮ್ಮ ವಾಚಕರಲ್ಲಿ ಅನೇಕರು ಶಿಕ್ಷಕರು. ವರ್ಗದ ಹುಕುಮು ಹಿಡಿದು ಹೊಸ ಊರಿಗೆ ಬಂದ ಮಾಸ್ತರರನ್ನು ಮನೆಯ ಒಡೆಯನು ಬಾಡಿಗೆಯ ಮಾತಿಗಿಂತ ಮೊದಲು “ನಿಮ್ಮ ಪೈಕಿ ಯಾವದು?” ಎಂದು ಕೇಳುವದನ್ನು ಅವರು ಬಲ್ಲರು. ಆ ಪ್ರಶ್ನೆಗೆ ಉತ್ತರ ಕೊಟ್ಟು ಮನೆ ಪಡೆದವರೂ ಇದ್ದಾರೆ, ಉತ್ತರ ಕೊಟ್ಟುದರಿಂದಲೇ ಮನೆ ಕಳೆದುಕೊಂಡವರೂ ಇದ್ದಾರೆ. ಹಗಲು ಆ ಒಡೆಯನ ಮಗನಿಗೆ ಅಕ್ಷರ ಕಲಿಸುವವನು ಸಂಜೆ ಅವನ ಓಣಿಯಲ್ಲಿ ಬಾಡಿಗೆಗಿರಲು ಯೋಗ್ಯನಲ್ಲವೆಂದರೆ ಆ ವಿದ್ಯೆಗೆ ಬೆಲೆಯೇನು?

ಕನ್ನಡ ನಾಡಿನ ಏಕೀಕರಣದ ಧ್ಯೇಯವನ್ನು ಹೊತ್ತ ಈ ಪತ್ರಿಕೆಗೆ ಇದು ಪರರ ಮನೆಯ ಮಾತಾಗಲಾರದು. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದು ಆಡಳಿತದೊಳಗೆ ಬಂದರು. ಆ ಗಡಿಗಳನ್ನು ನಾವು ಎಳೆದಿರಲಿಲ್ಲ, ಪರರು ಎಳೆದಿದ್ದರು; ಅವನ್ನು ಅಳಿಸಲು ನಮ್ಮ ಹಿರಿಯರು ದಶಕಗಳವರೆಗೆ ಸಭೆ ಸೇರಿದರು, ಲಾಠಿಯ ಪೆಟ್ಟು ತಿಂದರು. ಕನ್ನಡವೇ ನಮ್ಮೆಲ್ಲರ ನಂಟೆಂದು ಅವರು ಸಾರಿದಾಗ ಅದಕ್ಕೆ ಜಾತಿಯ ಶರತ್ತು ಹಚ್ಚಿರಲಿಲ್ಲ. ನಕಾಶೆಯಲ್ಲಿ ಕೂಡಿಸಿದ ನಾಡನ್ನು ನಾವೇ ಬಡಾವಣೆಯ ಉಪನಿಯಮದಲ್ಲಿ ಒಡೆದರೆ, ಆ ಗಡಿಗಳಿಗೆ ಹೊಣೆಗಾರರನ್ನು ಹುಡುಕಲು ಹೊರಗೆ ಹೋಗಬೇಕಾಗಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದರು. ಸಹಕಾರದ ತವರಾದ ನಾಡು ಸಹಕಾರಿ ವಸತಿಯ ವಿಷಯದಲ್ಲಿಯೂ ಮುಂದಾಗುವದು ಯೋಗ್ಯ.

ಆದುದರಿಂದ ನಮ್ಮ ಸೂಚನೆಗಳು ಮೂರು. ಶಾಸನಸಭೆಯು ಕರ್ನಾಟಕದ 1959ರ ಸಹಕಾರಿ ಸಂಘಗಳ ಕಾಯದೆಯನ್ನು ತಿದ್ದಿ, ಗೃಹನಿರ್ಮಾಣ ಸಂಘಗಳ ಸದಸ್ಯತ್ವಕ್ಕೂ ನಿವೇಶನದ ವರ್ಗಾವಣೆಗೂ ಜಾತಿಧರ್ಮಗಳ ಶರತ್ತು ಹಾಕತಕ್ಕದ್ದಲ್ಲವೆಂದು ನಿಚ್ಚಳವಾಗಿ ಬರೆಯಬೇಕು. ಸರ್ವೋಚ್ಚ ನ್ಯಾಯಾಲಯವು ತೋರಿಸಿದ ದಾರಿಯೇ ಇದು. ಎರಡನೆಯದಾಗಿ, ಕಾಯದೆಗಾಗಿ ಕಾಯದೆ ಗೃಹಸಂಘಗಳ ಸದಸ್ಯರು ಬರುವ ವಾರ್ಷಿಕ ಸಭೆಯಲ್ಲಿ ತಮ್ಮ ಉಪನಿಯಮಗಳನ್ನು ತೆರೆದೋದಬೇಕು. ಗಾಳಿ ಬೆಳಕುಗಳ ಕಲಮುಗಳನ್ನು ಉಳಿಸಿ ಹುಟ್ಟಿನ ಕಲಮುಗಳನ್ನು ಹೊಡೆದುಹಾಕಬೇಕು. ಮೂರನೆಯದಾಗಿ, ದಸ್ತಾವೇಜು ಬರೆಯುವ ಕಸುಬಿನವರಾದ ನಾವು, ಇಂಥ ಕಲಮನ್ನು ಬರೆದುಕೊಡಿರೆಂದು ಕಕ್ಷಿಗಾರನು ಕೇಳಿದಾಗ ಲೇಖಣಿಯನ್ನು ಕೆಳಗಿಡಬೇಕು. ಈ ಮೂರನೆಯದಕ್ಕೆ ಯಾವ ಸಭೆಯ ಠರಾವೂ ಬೇಕಾಗಿಲ್ಲ. ಅದು ನಾಳೆ ಕಚೇರಿಯ ಬಾಗಿಲು ತೆರೆದಾಗಲೇ ಆರಂಭವಾಗಬಹುದು.