ಕೋಶ ಓದದೆ ದೇಶ ಸುತ್ತಬೇಡಿ!

ಕನ್ನಡದ ಯುವಮಿತ್ರರೇ,

ಬೆನ್ನಿಗೊಂದು ಚೀಲ, ಕೈಯಲ್ಲೊಂದು ಅಗ್ಗದ ಟಿಕೆಟ್ಟು. ಅಲ್ಲಲ್ಲೇ ದುಡಿದು, ಅಲ್ಲಲ್ಲೇ ಉಂಡು ವರ್ಷಗಟ್ಟಲೆ ವಿದೇಶ ಸುತ್ತಬೇಕೆಂಬ ಆಸೆ ನಿಮ್ಮಲ್ಲಿ ಅನೇಕರಿಗಿದೆ. ಇರಲಿ. ಆದರೆ ಇದು ಬಿಳಿಯರು ಕಂಡುಹಿಡಿದ ಹೊಸ ಬದುಕು ಎಂದುಕೊಂಡಿದ್ದರೆ ಅದು ನಿಮ್ಮ ಭ್ರಮೆ! ನಮ್ಮ ಶಿವಮೊಗ್ಗದ, ಚನ್ನಗಿರಿಯ, ಹುಣಸೂರಿನ ಹಕ್ಕಿಪಿಕ್ಕಿಗಳು ಇದನ್ನು ನಿಮಗಿಂತ ಮೊದಲೇ ಮಾಡಿ ತೋರಿಸಿದ್ದಾರೆ.

ಯಾರು ಈ ಹಕ್ಕಿಪಿಕ್ಕಿಗಳು? ಹಕ್ಕಿ ಹಿಡಿದು, ಬೇಟೆಯಾಡಿ ಬದುಕುತ್ತಿದ್ದ ಅಲೆಮಾರಿಗಳು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಜಾತ್ರೆ, ಸಂತೆಗಳಲ್ಲಿ ಪ್ಲಾಸ್ಟಿಕ್ ಹೂ ಮಾರಿದರು, ಗಿಡಮೂಲಿಕೆ ಎಣ್ಣೆ ಮಾರಿದರು. ಆಮೇಲೆ ಅದೇ ಎಣ್ಣೆ ಹೊತ್ತು ವಿಮಾನ ಹತ್ತಿದರು! ಮನೆಯೊಳಗೆ ವಾಗ್ರಿ, ಊರಿನಲ್ಲಿ ಕನ್ನಡ, ವ್ಯಾಪಾರಕ್ಕೆ ತಮಿಳು, ತೆಲುಗು, ಹಿಂದಿ. ಕಾನ್ವೆಂಟಿನ ಮೆಟ್ಟಿಲು ತುಳಿಯದ ಇವರು ಆಫ್ರಿಕಾದ ಊರುಗಳಲ್ಲಿ ಬಾಡಿಗೆ ಕೋಣೆ ಹಿಡಿದು ತಿಂಗಳುಗಟ್ಟಲೆ ದುಡಿದರು. ಇಂಗ್ಲಿಷ್ ಇಲ್ಲದೆ ಹೊಸಿಲು ದಾಟಲಾಗದು ಎನ್ನುವವರಿಗೆ ಬೇರೆ ಉತ್ತರ ಬೇಕೆ?

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಶುರುವಾಯಿತು. ಎಲ್ ಫಾಶರ್ ಎಂಬ ಊರಿನಲ್ಲಿ ನಮ್ಮ 31 ಮಂದಿ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದರು. ಆಗ ಇಲ್ಲಿ ವಿಧಾನಸಭೆ ಚುನಾವಣೆಯ ಭರಾಟೆ. ಅವರ ಜೀವದ ವಿಷಯದಲ್ಲೂ ನಾಯಕರ ವಾಗ್ಯುದ್ಧ! ಕೊನೆಗೆ 'ಆಪರೇಷನ್ ಕಾವೇರಿ'ಯಲ್ಲಿ 3,800ಕ್ಕೂ ಹೆಚ್ಚು ಭಾರತೀಯರನ್ನು ಕರೆತರಲಾಯಿತು, ಹಕ್ಕಿಪಿಕ್ಕಿಗಳೂ ಬಂದರು. ಜೀವ ಉಳಿಯಿತು. ಸಾಲ ಮಾಡಿ ಹೂಡಿದ ಬಂಡವಾಳ? ಅದು ಅಲ್ಲೇ ಮುಳುಗಿತು.

ಇನ್ನೊಂದು ಸಂಗತಿ ಕೇಳಿ. ಕಲಬುರಗಿಯ ಮೂವರು ಯುವಕರನ್ನು ಕೆಲಸ ಕೊಡಿಸುತ್ತೇವೆಂದು ನಂಬಿಸಿ ರಷ್ಯಾಕ್ಕೆ ಕರೆದೊಯ್ದು ಯುದ್ಧಭೂಮಿಗೆ ತಳ್ಳಿದರು. 2024ರ ಸೆಪ್ಟೆಂಬರಿನಲ್ಲಿ ಅವರು ಮನೆ ಸೇರಿದರು. ಹೀಗೆ ಮೋಸಹೋದ ಭಾರತೀಯರಲ್ಲಿ ಹಲವರು ಸಹಿ ಹಾಕಿದ ಕರಾರು ರಷ್ಯನ್ ಭಾಷೆಯಲ್ಲಿತ್ತು. ಓದಲು ಬಾರದ ಕಾಗದಕ್ಕೆ ಸಹಿ!

ಹೆಗ್ಗೋಡಿನಲ್ಲಿ ಪ್ರೆಸ್ ನಡೆಸುವ ನಾನು ಓದಿದ್ದು ಪಿಯುಸಿ. ಆದರೂ ಪ್ರೂಫ್ ನೋಡದೆ ಒಂದು ಕರಪತ್ರವನ್ನೂ ಮೆಷಿನ್ನಿಗೆ ಹಾಕುವುದಿಲ್ಲ. ಲಗ್ನಪತ್ರಿಕೆಯಲ್ಲಿ ತಾರೀಖು ತಪ್ಪಿದರೆ ಕಾಗದ ದಂಡ. ಕರಾರಿನ ಸಣ್ಣ ಅಕ್ಷರ ಓದದಿದ್ದರೆ ಬದುಕೇ ದಂಡ!

ನ್ಯಾಯವಾದ ದಾರಿಗಳಿವೆ. ಆಸ್ಟ್ರೇಲಿಯಾ 2024ರಿಂದ 18ರಿಂದ 30 ವಯಸ್ಸಿನ ಭಾರತೀಯರಿಗೆ ಸುತ್ತುತ್ತ ದುಡಿಯುವ ವೀಸಾ ತೆರೆದಿದೆ. ವರ್ಷಕ್ಕೆ 1,000 ಜನ, 12 ತಿಂಗಳು. ಬ್ರಿಟನ್ 2023ರಲ್ಲಿ ಪದವೀಧರರಿಗೆ 2 ವರ್ಷದ ಇಂಥದೇ ವ್ಯವಸ್ಥೆ ಮಾಡಿದೆ. ಎರಡರಲ್ಲೂ ಲಾಟರಿ. ಬ್ರಿಟನ್ನಿನ ಲಾಟರಿಗೆ ಶುಲ್ಕವಿಲ್ಲ, ಆಸ್ಟ್ರೇಲಿಯಾದ್ದಕ್ಕೆ 25 ಡಾಲರ್. ಹೆಸರು ಸೇರಿಸಲು ಲಕ್ಷ ಕೇಳುವ ಏಜೆಂಟನಿಗೆ ಬಾಗಿಲು ತೋರಿಸಿ! ಪ್ರವಾಸಿ ವೀಸಾದಲ್ಲಿ ಹೋಗಿ ಕದ್ದು ದುಡಿಯಬೇಡಿ. ಕೂಲಿ ಕೊಡದಿದ್ದರೂ ದೂರು ಕೊಡಲು ಹೆದರಬೇಕಾಗುತ್ತದೆ. ಅಲ್ಲಿ ಸಿಗುವುದು ತೋಟದ ಕೆಲಸ, ಹೋಟೆಲಿನ ಪಾತ್ರೆ. ಊರಿನಲ್ಲಿ ಅಮ್ಮನಿಗೆ ಪಾತ್ರೆ ತೊಳೆದುಕೊಡದವರು ಈಗಲೇ ಅಭ್ಯಾಸ ಮಾಡಿಕೊಳ್ಳಿ.

ನಮ್ಮೂರಿನ ನೀನಾಸಂ 1985ರಿಂದ ತಿರುಗಾಟ ನಡೆಸುತ್ತಿದೆ. ನಟರು ತಿಂಗಳುಗಟ್ಟಲೆ ಊರೂರು ಸುತ್ತುತ್ತಾರೆ. ಆದರೆ ಇವತ್ತು ಯಾವ ಊರು, ನಾಳೆ ಯಾವ ಊರು ಎಂಬ ಪಟ್ಟಿ ಮೊದಲೇ ಸಿದ್ಧ. ನೀವೂ ಹಾಗೇ ಮಾಡಿ. ಪಾಸ್‌ಪೋರ್ಟಿನ ನಕಲು, ಇರುವ ವಿಳಾಸ, ವೀಸಾ ಮುಗಿಯುವ ದಿನ ಮನೆಯವರ ಕೈಯಲ್ಲಿರಲಿ. ಇಳಿದ ದಿನವೇ ಭಾರತದ ರಾಯಭಾರ ಕಚೇರಿಗೆ ಹೆಸರು ಕೊಡಿ. ವಾಪಸ್ಸು ಬರುವ ಟಿಕೆಟ್ಟಿನ ಹಣ ಮುಟ್ಟಬೇಡಿ.

ಇನ್ನು ಸರ್ಕಾರದ ಪಾಲು. ಪಕ್ಕದ ಕೇರಳ 1996ರಲ್ಲೇ ಹೊರಗಿರುವ ತನ್ನ ಮಕ್ಕಳಿಗಾಗಿ ಪ್ರತ್ಯೇಕ ಇಲಾಖೆ ಮಾಡಿತು. ನಾವು ಕೇಳುವುದು ಭಿಕ್ಷೆಯಲ್ಲ, ಹಕ್ಕು!

1. ಪ್ರತಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿದೇಶಕ್ಕೆ ಹೊರಟವರಿಗೆ ಕನ್ನಡದಲ್ಲಿ ತಿಳಿಹೇಳುವ ಮೇಜು ಇರಲಿ.

2. ಕೆಲಸದ ಕರಾರನ್ನು ಕನ್ನಡಕ್ಕೆ ತಂದು ಓದಿಹೇಳುವ ವ್ಯವಸ್ಥೆ ಆಗಲಿ.

3. ಹಕ್ಕಿಪಿಕ್ಕಿಗಳಂಥ ಸಣ್ಣ ವ್ಯಾಪಾರಿಗಳಿಗೆ ಬಡ್ಡಿಕೋರರ ಬದಲು ಬ್ಯಾಂಕಿನ ಸಾಲ, ವಿಮೆ ಸಿಗಲಿ.

ಗೆಳೆಯರೇ, ಹೊರಗೆ ಹೋದರೆ ಕನ್ನಡ ಸಾಯುವುದಿಲ್ಲ. ತೀರ್ಥಹಳ್ಳಿಯ ಮೇಳಿಗೆಯ ಅನಂತಮೂರ್ತಿ 'ಸಂಸ್ಕಾರ' ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕುಳಿತು. ದೇಶ ಸುತ್ತಿ, ಕೋಶ ಓದಿ ಎಂದರು ಹಿರಿಯರು. ಮೊದಲು ಓದುವ ಕೋಶ ನಿಮ್ಮ ಕರಾರುಪತ್ರವಾಗಲಿ. ಓದಿ, ಅರ್ಥವಾಗದ್ದನ್ನು ಕೇಳಿ, ಆಮೇಲೆ ಸಹಿ ಹಾಕಿ. ಹೋಗಿ ಬನ್ನಿ!