ಅರಗಿನ ಮೆರುಗಿಗೆ ಯಾವ ವಿನಾಯಿತಿ?

ಗಿಟಾರ್ ವಾದ್ಯವನ್ನು ಮನೆಯಲ್ಲಿ ಸ್ವಂತ ಕೈಯಿಂದ ನಿರ್ಮಿಸಹೊರಟ ಶ್ರಾವಕನು ಮೊದಲು ಎಚ್ಚರ ವಹಿಸುವುದು ಮೂಳೆಯ ವಿಷಯದಲ್ಲಿ. ತಂತಿಗಳು ಒರಗುವ ಎರಡು ಚಿಕ್ಕ ಪಟ್ಟಿಗಳು ದನದ ಮೂಳೆಯವಾದರೆ ನಾದ ಚೆನ್ನ ಎಂಬ ಮಾತು ಆ ಕಸುಬಿನಲ್ಲಿ ಪ್ರಚಲಿತವಾಗಿದೆ. ಆದರೂ ಅವನು ಕೃತಕ ದ್ರವ್ಯದ ಪಟ್ಟಿಯನ್ನೇ ತರಿಸುತ್ತಾನೆ. ತೊಗಲನ್ನು ಕುದಿಸಿ ತೆಗೆದ ಅಂಟನ್ನು ದೂರವಿಟ್ಟು ಬೇರೆ ಅಂಟಿನಿಂದ ಹಲಗೆಗಳನ್ನು ಬೆಸೆಯುತ್ತಾನೆ. ಇಷ್ಟೆಲ್ಲ ಮಾಡಿದವನು ಬಣ್ಣ ಕಟ್ಟಿ ಮೆರುಗು ಕೊಡುವ ಕೊನೆಯ ಘಟ್ಟದಲ್ಲಿ, ಹಳದಿಗಂದು ಬಣ್ಣದ ಅರಗಿನ ತೆಳು ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಮರಕ್ಕೆ ತಿಕ್ಕತೊಡಗುತ್ತಾನೆ. ಮನೆಯ ಹಿರಿಯರು ಸ್ಪಿರಿಟ್‌ನ ವಾಸನೆಗೆ ಮೂಗು ಮುರಿಯುತ್ತಾರೆಯೇ ಹೊರತು ಅದರಲ್ಲಿ ಕರಗಿದುದು ಏನೆಂದು ಕೇಳುವುದಿಲ್ಲ. ಕೇಳಿದರೂ, "ಇದು ಪ್ರಕೃತಿದತ್ತವಾದುದು, ರಾಸಾಯನಿಕವಲ್ಲ" ಎಂಬ ಒಂದು ಉತ್ತರ ಎಲ್ಲರ ಬಾಯಿಯನ್ನೂ ಮುಚ್ಚಿಸುತ್ತದೆ.

ಈ ಉತ್ತರ ಅಸಡ್ಡೆಯದು. ಪ್ರಕೃತಿದತ್ತ ಎಂಬ ಶಬ್ದಕ್ಕೂ ಅಹಿಂಸೆ ಎಂಬ ಶಬ್ದಕ್ಕೂ ಯಾವ ನಂಟೂ ಇಲ್ಲ. ದಂತವೂ ಪ್ರಕೃತಿದತ್ತವೇ, ಮಾಂಸವೂ ಪ್ರಕೃತಿದತ್ತವೇ.

ಫ್ರೆಂಚ್ ಪಾಲಿಷ್ ಎಂದು ಕರೆಯುವ ಮೆರುಗಿನ ಮೂಲದ್ರವ್ಯ ಶೆಲ್ಲಾಕ್, ಅಂದರೆ ಶೋಧಿಸಿದ ಅರಗು. ಅದು ಮರದ ಅಂಟಲ್ಲ. ಮುತ್ತುಗ, ಬೋರೆ, ಸಾಗಡೆ ಮೊದಲಾದ ಮರಗಳ ಎಳೆಯ ಕೊಂಬೆಗಳಿಗೆ ಒತ್ತೊತ್ತಾಗಿ ಕಚ್ಚಿಕೊಂಡು ರಸ ಹೀರುವ ಒಂದು ಸೂಕ್ಷ್ಮ ಕೀಟ ತನ್ನ ಮೈಸುತ್ತ ಸ್ರವಿಸಿಕೊಳ್ಳುವ ಕವಚವದು. ಹೆಣ್ಣು ಕೀಟ ಒಮ್ಮೆ ಕೊಂಬೆಯಲ್ಲಿ ನೆಲೆನಿಂತ ಮೇಲೆ ಆ ಕವಚದೊಳಗೇ ಬೆಳೆದು, ಅಲ್ಲಿಯೇ ಸಂತಾನವನ್ನು ಪಡೆದು, ಅಲ್ಲಿಯೇ ಮುಗಿಯುತ್ತದೆ. ಮರಿಗಳು ಹೊರಬಿದ್ದ ಮೇಲೆ ಕೊಂಬೆಗಳನ್ನು ಕಡಿಯುವುದುಂಟು. ಮರಿಗಳು ಹೊರಬರುವ ಮೊದಲೇ, ಕೀಟಗಳು ಜೀವಂತವಾಗಿರುವಾಗಲೇ ಕಡಿದು ಒಣಗಿಸುವುದೂ ಉಂಟು. ಅಂಥ ಎಳೆಯ ಬೆಳೆಗೆ ಅಲ್ಲಿನ ವ್ಯಾಪಾರದಲ್ಲಿ ಪ್ರತ್ಯೇಕ ಹೆಸರೇ ಇದೆ. ಕೊಂಬೆಯಿಂದ ಕೆರೆದು, ಕುಟ್ಟಿ, ನೀರಿನಲ್ಲಿ ತೊಳೆಯುವಾಗ ಹರಿಯುವ ಕೆಂಪು ನೀರು ಮರದ್ದಲ್ಲ, ಆ ಕೀಟಗಳ ದೇಹದ್ದು. ಹಿಂದಿನ ಕಾಲದ ಬಣ್ಣಗಾರರು ಆ ಕೆಂಪನ್ನೇ ಲಾಕ್ಷಾರಸವೆಂದು ಬಟ್ಟೆಗೆ ಕಟ್ಟುತ್ತಿದ್ದರು. ಹೀಗೆ ತೊಳೆದು, ಕಾಯಿಸಿ, ಸೋಸಿ, ಹಾಳೆಯಂತೆ ಎಳೆದು ಮುರಿದದ್ದೇ ಅಂಗಡಿಯಲ್ಲಿ ಸಿಗುವ ಹೊಳೆಯುವ ಚಕ್ಕೆ.

ಇದನ್ನು ಕೇಳಿದವರು ಎರಡನೆಯ ವಾದವನ್ನು ಮುಂದೊಡ್ಡುತ್ತಾರೆ: ಅರಗು ಕೀಟದ ದೇಹವಲ್ಲ, ಸ್ರಾವ ಮಾತ್ರ, ಸ್ರಾವವನ್ನು ತೆಗೆದುಕೊಂಡರೆ ದೋಷವೇನು? ಈ ವಾದವನ್ನು ಹೂಡುವವರ ಮನೆಯಲ್ಲಿ ಜೇನುತುಪ್ಪ ಇರುವುದಿಲ್ಲವೆಂಬುದೇ ಸೋಜಿಗ. ಜೇನೂ ಸ್ರಾವವೇ ಅಲ್ಲವೇ? ಮದ್ಯ, ಮಾಂಸ, ಮಧು ಎಂಬ ಮೂರನ್ನು ಒಂದೇ ಉಸಿರಿನಲ್ಲಿ ತ್ಯಜಿಸುವ ಗೃಹಸ್ಥನಿಗೆ ಸ್ರಾವದ ನೆಪ ಎಲ್ಲಿಂದ ಬಂತು? ಅಮೃತಚಂದ್ರಸೂರಿಯು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಗೂಡಿನಿಂದ ತಾನಾಗಿ ಜಾರಿದ ಜೇನಿನಲ್ಲಿಯೂ ಅದನ್ನು ಆಶ್ರಯಿಸಿದ ಜೀವಿಗಳ ಘಾತವಾಗುವುದರಿಂದ ಹಿಂಸೆ ಇದೆಯೆಂದು ನಿರ್ಣಯಿಸಿದ್ದಾನೆ. ತಾನಾಗಿ ಜಾರಿದುದಕ್ಕೇ ಈ ಮಾತಾದರೆ ಕಡಿದು, ಕೆರೆದು, ಕುಟ್ಟಿದುದರ ಬಗೆಗೆ ವಾದಕ್ಕೆ ಎಡೆ ಉಳಿಯುವುದಿಲ್ಲ. ಪ್ರಾಚೀನರಿಗೆ ಇದು ತಿಳಿಯದ ವಿಷಯವೂ ಆಗಿರಲಿಲ್ಲ. ಉಪಾಸಕದಶಾಂಗವು ಎಣಿಸುವ ಹದಿನೈದು ಕರ್ಮಾದಾನಗಳ ಪಟ್ಟಿಯಲ್ಲಿ ದಂತವಾಣಿಜ್ಯದೊಡನೆ ಲಾಕ್ಷಾವಾಣಿಜ್ಯವೂ ಇದೆ. ದಿಗಂಬರ ಪರಂಪರೆಯ ಆಶಾಧರನು ಸಾಗಾರಧರ್ಮಾಮೃತದಲ್ಲಿ ಇಂಥವನ್ನೇ ಖರಕರ್ಮಗಳೆಂದು ಚರ್ಚಿಸಿದ್ದಾನೆ. ಮಾರುವುದು ಮಾತ್ರ ದೋಷ, ಕೊಳ್ಳುವುದು ದೋಷವಲ್ಲ ಎನ್ನುವವರು ಕೃತ, ಕಾರಿತ, ಅನುಮೋದನೆ ಎಂಬ ಮೂರು ಶಬ್ದಗಳನ್ನು ಮತ್ತೊಮ್ಮೆ ನೆನೆಯಬೇಕು.

ಮೂರನೆಯ ವಾದ ಸ್ವಲ್ಪ ಓದಿಕೊಂಡವರದು. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗವಷ್ಟೇ ಕಡ್ಡಾಯ, ಆರಂಭೀ ಮತ್ತು ಉದ್ಯೋಗೀ ಹಿಂಸೆಗಳು ಅವನಿಗೆ ಅನಿವಾರ್ಯ ಎಂಬುದು ಅವರ ನಿಲುವು. ಮಾತು ನಿಜ, ಅನ್ವಯ ತಪ್ಪು. ಅಡುಗೆ ಮಾಡದೆ ಬದುಕಿಲ್ಲ, ಹೊಲ ಉಳದೆ ಅನ್ನವಿಲ್ಲ. ಆ ಅನಿವಾರ್ಯತೆಗೆ ವಿನಾಯಿತಿ ದೊರೆಯಿತು. ಬಿಡುವಿನ ವೇಳೆಯಲ್ಲಿ ಸಂತೋಷಕ್ಕಾಗಿ ಮಾಡುವ ವಾದ್ಯಕ್ಕೆ, ಬೇರೆ ದ್ರವ್ಯ ಕೈಗೆಟಕುವಾಗ, ತ್ರಸಜೀವಿಯ ಕವಚವನ್ನೇ ಹಚ್ಚುವುದು ಯಾವ ಅನಿವಾರ್ಯತೆ? ಪ್ರಯೋಜನವಿಲ್ಲದ ಹಿಂಸೆಗೆ ಆಚಾರ್ಯರು ಅನರ್ಥದಂಡವೆಂಬ ಬೇರೆಯೇ ಹೆಸರನ್ನಿಟ್ಟಿದ್ದಾರೆ. ವಾದ್ಯವೇ ಅನರ್ಥ ಎನ್ನುವ ಕಟುವ್ರತಿಗಳೂ ಇರಬಹುದು; ಬಸದಿಯಲ್ಲಿ ಹಾರ್ಮೋನಿಯಂ ನುಡಿಸಿ ಭಜನೆ ಮಾಡುವ ಸಮಾಜಕ್ಕೆ ಅದು ಒಪ್ಪುವ ಮಾತಲ್ಲ.

ಉಳಿದದ್ದು ನಾದದ ನೆಪ. ಸ್ಪೇನಿನ ಆಂಟೋನಿಯೋ ಡಿ ಟೋರೆಸ್ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಮಾದರಿಯ ಗಿಟಾರ್‌ಗೆ ಅರಗಿನ ತೆಳು ಲೇಪವೇ ಒಪ್ಪುತ್ತದೆ, ಬೇರೆಯದನ್ನು ಹಚ್ಚಿದರೆ ಹಲಗೆ ಮೂಕವಾಗುತ್ತದೆ ಎನ್ನುತ್ತಾರೆ. ಲೇಪ ದಪ್ಪವಾದರೆ ಮುಂಭಾಗದ ಸ್ಪ್ರೂಸ್ ಹಲಗೆಯ ಕಂಪನ ಕುಗ್ಗುವುದು ನಿಜ. ಅದು ದಪ್ಪದ ಗುಣ, ದ್ರವ್ಯದ ಗುಣವಲ್ಲ. ಅಮೆರಿಕದ ಹೆಸರಾಂತ ತಯಾರಕರು 1920ರ ದಶಕದಿಂದೀಚೆಗೆ ನೈಟ್ರೋಸೆಲ್ಯುಲೋಸ್ ಮೆರುಗಿಗೆ ಹೊರಳಿದರು. ಅವರ ವಾದ್ಯಗಳು ಮೂಕವಾಗಲಿಲ್ಲ. ಗಿಟಾರ್‌ಗೆ ಕುರಿಯ ಕರುಳಿನ ತಂತಿಯೇ ಬೇಕೆಂಬ ನಂಬಿಕೆಯೂ ಹೀಗೆಯೇ ಇತ್ತು. 1940ರ ದಶಕದಲ್ಲಿ ನೈಲಾನ್ ತಂತಿ ಬಂದಾಗ ಮಹಾವಾದಕ ಆಂಡ್ರೆಸ್ ಸೆಗೋವಿಯಾ ಅದನ್ನೇ ಸ್ವೀಕರಿಸಿದ. ಮೈಸೂರಿನ ಬೀಟೆಯ ಕೆತ್ತುಗೆಲಸದಲ್ಲಿ ದಂತ ಕೂರಿಸುತ್ತಿದ್ದ ಕುಶಲಕರ್ಮಿಗಳು 1986 ಮತ್ತು 1991ರ ಕಾನೂನು ತಿದ್ದುಪಡಿಗಳ ನಂತರ ದಂತವನ್ನು ಬಿಟ್ಟು ಬೇರೆ ದ್ರವ್ಯವನ್ನು ಹಿಡಿದರು, ಕಲೆ ಸಾಯಲಿಲ್ಲ. ಹಳೆಯ ಗ್ರಾಮಫೋನಿನ 78 ಸುತ್ತಿನ ತಟ್ಟೆಗಳೂ ಅರಗಿನವೇ ಆಗಿದ್ದವು. ಅವು ಹೋದವು, ಸಂಗೀತ ಉಳಿಯಿತು.

ಎದುರಾಳಿಗಳ ಒಂದು ಮಾತನ್ನು ಮಾತ್ರ ಹಗುರವಾಗಿ ತಳ್ಳಲಾಗದು: ಅರಗಿಗೆ ಬದಲಾಗಿ ಬರುವ ದ್ರವ್ಯಗಳೂ ನಿರ್ದೋಷವಲ್ಲ. ನೈಟ್ರೋಸೆಲ್ಯುಲೋಸ್ ಬೇಗ ಹೊತ್ತಿಕೊಳ್ಳುವಂಥದು, ಅದರ ಆವಿ ವಿಷ, ಮನೆಯಲ್ಲಿ ಸಿಂಪಡಿಸತಕ್ಕದ್ದಲ್ಲ. ಅಗಸೆಯೆಣ್ಣೆಯನ್ನು ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿ ಬಿಸಿಯೇರಿ ಬೆಂಕಿಯಾದೀತು. ಬಟ್ಟೆಯನ್ನು ಹರಡಿ ಬಯಲಿನಲ್ಲಿ ಒಣಗಿಸಬೇಕು. ಮನೆಯ ಕೆಲಸಕ್ಕೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಮೆರುಗೇ ಹೆಚ್ಚು ಸೂಕ್ತ. ಬಣ್ಣಕ್ಕೂ ನೀರಿನಲ್ಲಿ ಕರಗುವ ಪುಡಿಗಳಿವೆ. ಸೋಸಿದ ನೀರಿನಿಂದ ಮರವನ್ನು ಮೊದಲು ಒದ್ದೆ ಮಾಡಿ, ಒಣಗಿದ ಮೇಲೆ ಎದ್ದ ನಾರುಗಳನ್ನು ಉಜ್ಜು ಕಾಗದದಿಂದ ಹದವಾಗಿ ತೆಗೆದು, ಅನಂತರ ಬಣ್ಣ ಹಚ್ಚಿದರೆ ಮೈ ಒರಟಾಗುವುದಿಲ್ಲ. ಸ್ಪ್ರೂಸ್ ಬಣ್ಣವನ್ನು ಕಲೆಕಲೆಯಾಗಿ ಹೀರುತ್ತದೆಂದು ಅದರಡಿಗೆ ತೆಳುವಾದ ಅರಗಿನ ಲೇಪ ಹಾಕುವುದು ರೂಢಿ. ಅರಗು ಬಿಟ್ಟೆನೆಂದವನ ಮನೆಗೂ ಅದು ನುಸುಳುವ ಹಿಂಬಾಗಿಲು ಇದೇ. ಬಳಸುವ ಮೆರುಗನ್ನೇ ತೆಳುಮಾಡಿ ಮೊದಲ ಲೇಪವಾಗಿ ಕೊಟ್ಟರೂ ಸಾಕು.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಹಸಿ ಮೆರುಗು ಒಂದು ಬಲೆ. ರಾತ್ರಿ ದೀಪದಡಿ ಹಚ್ಚಿಟ್ಟ ಗಿಟಾರ್‌ನ ಮೈಮೇಲೆ ಬೆಳಗಾಗುವಷ್ಟರಲ್ಲಿ ಅಂಟಿಕೊಂಡ ಪತಂಗಗಳನ್ನು ಕಸಬುದಾರರು ಕೇವಲ ಕೆಲಸ ಕೆಟ್ಟ ಗುರುತೆಂದು ಬಗೆದು ಉಜ್ಜಿ ತೆಗೆಯುತ್ತಾರೆ. ಯತ್ನಾಚಾರವುಳ್ಳವನು ಈ ಕೆಲಸವನ್ನು ಹಗಲಿನಲ್ಲಿಯೇ, ಕಿಟಕಿಗೆ ತೆಳುವಾದ ಬಟ್ಟೆ ಕಟ್ಟಿದ ಕೋಣೆಯಲ್ಲಿಯೇ ಮಾಡಬೇಕು. ಮರದ ಪುಡಿಯನ್ನು ಮೃದುವಾದ ಬಟ್ಟೆಯಿಂದ ಒತ್ತಬೇಕು. ಹಂದಿಯ ಕೂದಲಿನ ಕುಂಚವನ್ನು ಬಿಟ್ಟು ನೈಲಾನ್ ಕುಂಚ ಹಿಡಿಯಬೇಕು. ತೊಳೆದ ನೀರನ್ನು ಚರಂಡಿಗೆ ಸುರಿಯಬಾರದು.

ಅರಗನ್ನು ಬೆಳೆಯುವವರ ವಿಚಾರದಲ್ಲಿ ಮಾತ್ರ ಮಾತು ಹಿತಮಿತವಾಗಿರಲಿ. ಝಾರ್ಖಂಡ, ಛತ್ತೀಸ್‌ಗಢಗಳ ಬಡ ಆದಿವಾಸಿ ಕುಟುಂಬಗಳಿಗೆ ಅದು ಕೈಗೆ ಬರುವ ನಾಲ್ಕು ಕಾಸು, ಅವರ ಕಾಡಿನ ಮರಗಳು ಕೊಡಲಿಯಿಂದ ಉಳಿಯುವುದಕ್ಕೂ ಒಂದು ಕಾರಣ. ಅವರ ಜೀವನೋಪಾಯವನ್ನು ನಿಂದಿಸುವುದು ಶ್ರಾವಕನ ಕೆಲಸವಲ್ಲ. ಆದರೆ ತನ್ನ ಹವ್ಯಾಸದ ಸಮರ್ಥನೆಗೆ ಅವರ ಬಡತನವನ್ನು ಗುರಾಣಿಯಾಗಿ ಹಿಡಿಯುವುದು ಅದಕ್ಕಿಂತ ಕೀಳು.

ಈಗಾಗಲೇ ಅರಗಿನ ಮೆರುಗುಳ್ಳ ಹಳೆಯ ವಾದ್ಯ ಮನೆಯಲ್ಲಿದ್ದರೆ ಅದನ್ನು ಕೆರೆದು ತೆಗೆಯಬೇಕಿಲ್ಲ, ಎಸೆಯಲೂ ಬೇಕಿಲ್ಲ. ಕೆರೆದರೆ ಸತ್ತ ಕೀಟ ಮರಳಿ ಬರದು. ಅದನ್ನು ನುಡಿಸಲಿ. ಮೆರುಗು ಮಾಸಿದಾಗ ಹೊಸ ಲೇಪಕ್ಕೆ ಏನನ್ನು ಕೊಳ್ಳಬೇಕೆಂಬುದನ್ನು ಮಾತ್ರ ಆಗ ಯೋಚಿಸಲಿ.